ಮಾರ್ತಳ ಭಾನುವಾರ

ಪುರಾಣ ಕೇಳಲು ಹೋಗುವ ಹೆಂಗಸರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸಣ್ಣ ಹೊಟ್ಟೆಕಿಚ್ಚು. ದೇವಸ್ಥಾನದ ಪ್ರಾಂಗಣದಲ್ಲಿ ಗೋಡೆಗೊರಗಿ ಕೂತು, ಹೂಬತ್ತಿ ಹೊಸೆಯುತ್ತಲೋ ಹೂ ಕಟ್ಟುತ್ತಲೋ, ಬೇಕೆನಿಸಿದಾಗ ಹೂಂಗುಟ್ಟುತ್ತ, ಬೇಡವೆನಿಸಿದಾಗ ಪಕ್ಕದವರ ಸೊಸೆಯ ಸಮಾಚಾರ ವಿಚಾರಿಸುತ್ತ ಅವರು ಕಥೆ ಕೇಳುತ್ತಾರೆ. ಕಥೋಲಿಕರಾದ ನಮಗೆ ಆ ಸೌಕರ್ಯವಿಲ್ಲ. ಭಾನುವಾರದ ಪೂಜೆಯ ನಡುವೆ ಸ್ವಾಮಿಗಳು ಶುಭಸಂದೇಶ ಓದಿ ಪ್ರಬೋಧನೆ ಶುರು ಮಾಡಿದರೆಂದರೆ ಕೈಕಟ್ಟಿ ಕೂತು ಕೇಳಬೇಕು. ಮಧ್ಯೆ ಏಳುವಂತಿಲ್ಲ, ಪ್ರಶ್ನೆ ಹಾಕುವಂತಿಲ್ಲ, ಬತ್ತಿಯಂತೂ ಹೊಸೆಯುವಂತೆಯೇ ಇಲ್ಲ. ಮಗು ಅತ್ತರೆ ಮಾತ್ರ ಎತ್ತಿಕೊಂಡು ಹೊರಗೆ ಹೋಗಬಹುದು. ಮಡಿಲ ಮಗು ಒಂದಿಷ್ಟು ಅಳಬಾರದೇ ಎಂದು ಹಂಬಲಿಸಿದ ಭಾನುವಾರಗಳೂ ಇದ್ದವು ಎಂದರೆ ನೀವು ನಗಬಾರದು.

ಮೊನ್ನೆ ಸುಮ್ಮನೆ ಲೆಕ್ಕ ಹಾಕಿದೆ. ಬುದ್ಧಿ ತಿಳಿದಂದಿನಿಂದ ಐವತ್ತು ವರ್ಷ, ವರ್ಷಕ್ಕೆ 52 ಭಾನುವಾರ. ಹಬ್ಬ, ಮದುವೆ, ಮಣ್ಣು ಎಲ್ಲ ಬಿಟ್ಟರೂ 2,600 ಪ್ರಬೋಧನೆಗಳಾದವು. 2020ರಲ್ಲಿ ಕೊರೋನಾ ಬಂದು ಚರ್ಚಿನ ಬಾಗಿಲು ಮುಚ್ಚಿದಾಗ ಮೊಬೈಲಿನಲ್ಲಿ ಪೂಜೆ ನೋಡಿದ್ದೂ ಇದರಲ್ಲೇ ಸೇರಿದೆ. ಜೀವಮಾನದಲ್ಲಿ ಮೊದಲ ಸಲ ಪ್ರಬೋಧನೆ ಕೇಳುತ್ತ ಹುರುಳಿಕಾಯಿ ನಾರು ತೆಗೆದದ್ದು ಆಗಲೇ.

ನಮ್ಮ ಮೈಸೂರು ಸೀಮೆಯಲ್ಲಿ ಪಾದ್ರಿಗಳನ್ನು ಸ್ವಾಮಿಗಳು ಎಂದೇ ಕರೆಯುವುದು. ಇನ್ನೂರು ವರ್ಷದ ಹಿಂದೆ ಈ ಕಡೆ ಓಡಾಡಿದ ಫ್ರೆಂಚ್ ಪಾದ್ರಿ ದುಬ್ವಾ ಅವರನ್ನೂ ಜನ ದೊಡ್ಡಸ್ವಾಮಿಯವರು ಎನ್ನುತ್ತಿದ್ದರಂತೆ. ಪ್ರಬೋಧನೆ ಎಂಬ ಮಾತು ಮಾತ್ರ ಈಚಿನದು. ನಮ್ಮಜ್ಜಿ 'ಪ್ರಸಂಗ' ಎನ್ನುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಸ್ವಾಮಿಗಳು ಜನರಿಗೆ ಬೆನ್ನು ಮಾಡಿ ಪೀಠದ ಕಡೆ ಮುಖ ಮಾಡಿ ನಿಂತಿರುತ್ತಿದ್ದರು, ಹೆಂಗಸರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಅವರು ಈ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದುದು ಪ್ರಸಂಗದಲ್ಲಿ ಮಾತ್ರ. ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯೂ ಕನ್ನಡಕ್ಕೆ ಬಂತು. ಅಜ್ಜಿಗೆ ಅದರಿಂದ ಬಹಳ ಸಂತೋಷವಾಯಿತೆಂದು ನಾನು ಹೇಳಲಾರೆ. "ಎಲ್ಲಾ ಅರ್ಥ ಆಗ್ಬಿಟ್ರೆ ಸ್ವಾಮಿಗಳಿಗೇನು ಕೆಲಸ?" ಎಂದಿದ್ದಳು.

ಓದುಗರಿಗೆ ಒಂದು ವಿಷಯ ತಿಳಿಸಬೇಕು. ಈ ವಾರ ಯಾವುದರ ಬಗ್ಗೆ ಮಾತಾಡುವುದು ಎಂಬುದು ಸ್ವಾಮಿಗಳ ಇಷ್ಟಕ್ಕೆ ಬಿಟ್ಟದ್ದಲ್ಲ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ ಬರೆದ ಶುಭಸಂದೇಶ. ಯೊವಾನ್ನ ನಡುನಡುವೆ, ಅದರಲ್ಲೂ ತಪಸ್ಸುಕಾಲ ಮತ್ತು ಪಾಸ್ಖ ಹಬ್ಬದ ಸುತ್ತಮುತ್ತ ಬರುತ್ತಾನೆ. ಪ್ರಪಂಚದ ಯಾವ ಮೂಲೆಯ ಚರ್ಚಿಗೆ ಹೋದರೂ ಸಾಮಾನ್ಯವಾಗಿ ಆ ಭಾನುವಾರ ಅದೇ ಕಥೆ. ಸ್ವಾಮಿಗಳಿಗೆ ಐದಾರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ, ನಮಗೆ ಆಗುವುದಿಲ್ಲ. ಹೀಗಾಗಿ ಒಂದೇ ಕಥೆಯನ್ನು ಹತ್ತು ಜನ ಸ್ವಾಮಿಗಳ ಬಾಯಲ್ಲಿ ಕೇಳಿ, ಯಾರು ಎಷ್ಟು ಎಂದು ತೂಗಿ ನೋಡುವ ವಿದ್ಯೆ ನಮ್ಮ ಹೆಂಗಸರಿಗೆ ತಾನಾಗಿ ಬಂದಿದೆ. ಮಂಗಳೂರು ಕಡೆಯಿಂದ ಬಂದವರ ಕನ್ನಡ ಪುಸ್ತಕ ತೆರೆದಿಟ್ಟ ಹಾಗೆ. ಕೆಲವರದು ನಮ್ಮದೇ ಬೀದಿಯ ಕನ್ನಡ. ಈಚೆಗೆ ಒಬ್ಬ ಚಿಕ್ಕ ಪ್ರಾಯದ ಸ್ವಾಮಿಗಳ ಪ್ರಬೋಧನೆ ಬಹಳ ಚೆನ್ನಾಗಿತ್ತೆಂದು ಫೋನಿನಲ್ಲಿ ಹೊಗಳಿದರೆ, ಬೆಂಗಳೂರಿನ ನನ್ನ ನಾದಿನಿ, "ಆ ಗಡಿಯಾರದ ಕಥೆ ತಾನೇ? ನಮ್ಮ ಸ್ವಾಮಿಗಳೂ ಅದನ್ನೇ ಹೇಳಿದ್ರು" ಎಂದಳು. ಇಬ್ಬರೂ ಒಂದೇ ಕಡೆಯಿಂದ ಇಳಿಸಿಕೊಂಡಿದ್ದರು.

ನನಗೆ ಇದರ ಒಳಮನೆಯೂ ಗೊತ್ತು. ಅಪ್ಪ ತೀರಿಕೊಂಡ ಮೇಲೆ, 1974ರಿಂದ ಅಮ್ಮ ಸ್ವಾಮಿಗಳ ಮನೆಯಲ್ಲಿ ಅಡುಗೆಗೆ ನಿಂತಳು. ಇಪ್ಪತ್ನಾಲ್ಕು ವರ್ಷ ಆ ಒಲೆಯ ಮುಂದೆ ಕಳೆದಳು. ಶನಿವಾರ ಸಂಜೆ ಪ್ರಬೋಧನೆ ತಯಾರಾಗುವ ಹೊತ್ತು. ಒಬ್ಬರು ವರಾಂಡದಲ್ಲಿ ಶತಪಥ ತಿರುಗುತ್ತಿದ್ದರು, ಒಬ್ಬರು ಮಕ್ಕಳ ಹಾಗೆ ನೋಟುಪುಸ್ತಕದಲ್ಲಿ ಗೆರೆ ಹಾಕಿಕೊಂಡು ಬರೆಯುತ್ತಿದ್ದರು, ಇನ್ನೊಬ್ಬರು ಊಟ ಮುಗಿಸಿ ಹಾಡು ಕೇಳಿ ಮಲಗಿಬಿಡುತ್ತಿದ್ದರು. ಅಮ್ಮನ ಅಳತೆ ಬೇರೆ. ಎರಡು ಲೋಟ ಕಾಫಿ ಕೇಳಿದರೆ ನಾಳೆ ಒಳ್ಳೆಯ ಪ್ರಸಂಗ, ಐದು ಲೋಟ ಕೇಳಿದರೆ ಇನ್ನೂ ಏನೂ ಹೊಳೆದಿಲ್ಲ ಎಂದು ಅರ್ಥ. ಐದು ಲೋಟದ ಪ್ರಸಂಗವೇ ಎಲ್ಲಕ್ಕಿಂತ ಉದ್ದವಾಗುತ್ತಿತ್ತು ಎಂಬುದು ಅವಳ ಅನುಭವ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಜನ ನಿದ್ದೆಹೋಗುತ್ತಾರೆ ಎಂದದ್ದನ್ನು ಪೇಪರಿನಲ್ಲಿ ಓದಿದಾಗ ಅಮ್ಮ ಇದ್ದಿದ್ದರೆ ಎನಿಸಿತು.

ಈಗ ಮಾರ್ತಳ ವಿಷಯ. ಲೂಕನ ವರ್ಷದ ಜುಲೈನಲ್ಲಿ, ಹದಿನಾರನೆಯ ಸಾಮಾನ್ಯ ಭಾನುವಾರ, ಈ ಅಕ್ಕತಂಗಿಯರ ಕಥೆ ಬರುತ್ತದೆ. ಜೆರುಸಲೇಮಿನ ಹತ್ತಿರದ ಬೆಥಾನಿಯ ಎಂಬ ಹಳ್ಳಿಯವರು ಇವರು ಎನ್ನುತ್ತಾನೆ ಯೊವಾನ್ನ. ಯೇಸುಸ್ವಾಮಿ ಇವರ ಮನೆಗೆ ಬರುತ್ತಾರೆ. ಮಾರ್ತ ಬರಮಾಡಿಕೊಂಡು ಉಪಚಾರಕ್ಕೆ ಓಡಾಡುತ್ತಾಳೆ. ಮರಿಯ ಅವರ ಕಾಲ ಬಳಿ ಕೂತು ಮಾತು ಕೇಳುತ್ತಾಳೆ. ಸಾಕಾಗಿ ಹೋದ ಮಾರ್ತ ಬಂದು, ಇವಳಿಗೆ ಒಂದಿಷ್ಟು ಕೈಗೂಡಿಸಲು ಹೇಳಬಾರದೇ ಎಂದು ಅತಿಥಿಯನ್ನೇ ಕೇಳುತ್ತಾಳೆ. ಅದಕ್ಕೆ ಯೇಸುಸ್ವಾಮಿ, ನೀನು ಹಲವು ವಿಷಯಕ್ಕೆ ತಲೆಕೆಡಿಸಿಕೊಂಡಿದ್ದೀಯೆ, ಬೇಕಾದ್ದು ಒಂದೇ, ಮರಿಯ ಆರಿಸಿಕೊಂಡದ್ದೇ ಒಳ್ಳೆಯದು ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ಆ ದಿನ ಅಡುಗೆ ಆಯಿತೇ, ಕೊನೆಗೆ ಯಾರು ಮಾಡಿದರು, ಲೂಕ ಬರೆದಿಲ್ಲ.

ಮೂರು ವರ್ಷಕ್ಕೊಮ್ಮೆ ಈ ಕಥೆ ಓದುವಾಗ ಚರ್ಚಿನ ಎಡಗಡೆ, ಅಂದರೆ ಹೆಂಗಸರ ಕಡೆ, ಒಂದು ಥರದ ಮೌನ ಕವಿಯುತ್ತದೆ. ಎದ್ದು ಹಿಟ್ಟು ರುಬ್ಬಿ, ಮಕ್ಕಳಿಗೆ ಸ್ನಾನ ಮಾಡಿಸಿ, ಗಂಡನ ಶರಟಿಗೆ ಗುಂಡಿ ಹಾಕಿ ಬಂದು ಕೂತವರು ಅವರು. 1983ರ ಜುಲೈನಲ್ಲಿ ನಮ್ಮಲ್ಲಿದ್ದ ಸ್ವಾಮಿಗಳು ಅಂದು ಮುಕ್ಕಾಲು ಗಂಟೆ ಮಾತಾಡಿದರು. ದೇಹ ಚರ್ಚಿನಲ್ಲಿ, ಮನಸ್ಸು ಒಲೆಯ ಮೇಲೆ ಇಟ್ಟು ಬರುವ ಹೆಂಗಸರನ್ನು ಚೆನ್ನಾಗಿಯೇ ಝಾಡಿಸಿದರು. ಅಮ್ಮ ಯಾವಾಗಲೂ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರುತ್ತಿದ್ದಳು. ಪರಮಪ್ರಸಾದ ಸ್ವೀಕರಿಸಿದ ಕೂಡಲೇ ಹಿತ್ತಲ ದಾರಿಯಿಂದ ಹೋಗಿ ಸ್ವಾಮಿಗಳ ತಿಂಡಿ ಬಿಸಿ ಮಾಡಬೇಕಲ್ಲ. ಅಂದು ಅವಳು ಏಳಲಿಲ್ಲ. ಪೂಜೆ ಪೂರ್ತಿ ಮುಗಿಯುವವರೆಗೆ ಕೂತಿದ್ದಳು. ಆಮೇಲೆ ಸ್ವಾಮಿಗಳು ಉಪ್ಪಿಟ್ಟು ತಣ್ಣಗಾಗಿದೆಯಲ್ಲಮ್ಮಾ ಎಂದು ಬೇಸರಪಟ್ಟರು. ಅಮ್ಮ ತಟ್ಟೆ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು. ನನಗೆ ಇಪ್ಪತ್ತು ವರ್ಷ, ಮೈಯೆಲ್ಲ ಉರಿದುಹೋಯಿತು. ಅಮ್ಮ, "ಅವರಿಗಿನ್ನೂ ಚಿಕ್ಕ ವಯಸ್ಸು ಬಿಡೇ" ಎಂದಳು ಅಷ್ಟೆ.

ಬೇರೆ ಬೇರೆ ಜಾಣತನದ ವ್ಯಾಖ್ಯಾನಗಳನ್ನೂ ಕೇಳಿದ್ದೇನೆ. ಮಾರ್ತ ಎಂದರೆ ದುಡಿಮೆ, ಮರಿಯ ಎಂದರೆ ಧ್ಯಾನ, ಎರಡೂ ಬೇಕು ಎನ್ನುವುದು ಒಂದು. ಇದನ್ನು ಹೇಳಿದವರು ಯಾರೂ ತಮ್ಮ ತಟ್ಟೆ ತಾವು ತೊಳೆದವರಲ್ಲ. ಅದಿರಲಿ.

1995ರಲ್ಲಿ ಇದ್ದ ಸ್ವಾಮಿಗಳ ರೀತಿ ಬೇರೆ. ಅವರು ವಾರದಲ್ಲಿ ಮೂರು ಸಂಜೆ ಸೈಕಲ್ಲಿನಲ್ಲಿ ಮನೆಮನೆಗೆ ಹೋಗುತ್ತಿದ್ದರು. ಯಾರ ಮನೆಯಲ್ಲಿ ಕುಡಿತ, ಯಾರ ಮಗಳಿಗೆ ಗಂಡು ಸಿಕ್ಕಿಲ್ಲ, ಯಾವ ಅಜ್ಜಿಗೆ ಕನ್ನಡಕ ಒಡೆದಿದೆ ಎಂಬುದೆಲ್ಲ ಅವರ ಜೇಬಿನ ಪುಟ್ಟ ಡೈರಿಯಲ್ಲಿರುತ್ತಿತ್ತು. ಕನ್ನಡಕ ಮುಂದಿನ ವಾರ ರಿಪೇರಿಯಾಗಿ ಬರುತ್ತಿತ್ತು, ಕುಡಿತ ಹಾಗೆಯೇ ಇರುತ್ತಿತ್ತು. ಜುಲೈನ ಆ ವಾರ, ಮಂಗಳವಾರವೋ ಬುಧವಾರವೋ, ಅವರು ಅಡುಗೆಮನೆಗೆ ಬಂದು ಅಕ್ಕಿ ಡಬ್ಬದ ಮೇಲೆ ಕೂತರು. ನಾನು ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದೆ, ಅಲ್ಲೇ ಕಾಯಿ ತುರಿಯುತ್ತಿದ್ದೆ.

"ಅಮ್ಮಾ, ಈ ಭಾನುವಾರ ಮಾರ್ತ ಮರಿಯರ ಕಥೆ. ನೀವು ಇಷ್ಟು ವರ್ಷದಿಂದ ಕೇಳಿದ್ದೀರಿ. ನಿಮಗೇನನ್ನಿಸುತ್ತೆ?"

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. ಯಾರೂ ಅವಳನ್ನು ಹಾಗೆ ಕೇಳಿದವರಿಲ್ಲ. "ನಂಗೇನು ತಿಳಿಯುತ್ತೆ ಸ್ವಾಮಿ" ಎಂದಳು. ಅವರು ಏಳಲಿಲ್ಲ.

"ತಂಗಿ ಮೇಲೆ ಚಾಡಿ ಹೇಳಿದ್ದು ತಪ್ಪೇ ಸ್ವಾಮಿ, ನಾನು ಇಲ್ಲ ಅನ್ನಲ್ಲ" ಎಂದು ಅಮ್ಮ ಒಗ್ಗರಣೆ ಕಡೆ ನೋಡುತ್ತ ಶುರು ಮಾಡಿದಳು. "ಆದ್ರೆ ಶಿಷ್ಯರೂ ಜತೆಗಿದ್ದಿರಬೇಕಲ್ಲ, ಎಲ್ಲಾ ಸೇರಿ ಹದಿಮೂರು ಜನ. ಹೇಳಿ ಕಳಿಸದೆ ಬಂದ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಇನ್ನೊಂದು ನೋಡಿ. ಆಯಮ್ಮ ಪಕ್ಕದ್ಮನೆಯವರ ಹತ್ರ ಹೋಗಿ ಆಡಿಕೊಳ್ಳಲಿಲ್ಲ. ನೇರ ಯೇಸುಸ್ವಾಮಿ ಹತ್ರಾನೇ ಬಂದು ಕೇಳಿದ್ಲು. ಅಷ್ಟು ಸಲಿಗೆ ಇತ್ತು ಅವಳಿಗೆ. ನಮಗೆಲ್ಲಿದೆ ಆ ಸಲಿಗೆ?"

ಸ್ವಾಮಿಗಳು ಡೈರಿ ತೆಗೆದು ಬರೆದುಕೊಂಡರು. ಆ ಶನಿವಾರ ಒಂದೇ ಲೋಟ ಕಾಫಿ.

ಭಾನುವಾರ ಅವರು ಹನ್ನೆರಡು ನಿಮಿಷ ಮಾತಾಡಿದರು. ಅಮ್ಮನ ಮಾತನ್ನೇ ಎತ್ತಿಕೊಂಡು, ಅಲ್ಲಿಂದ ಯೊವಾನ್ನನ ಶುಭಸಂದೇಶಕ್ಕೆ ಹೋದರು. ಮಾರ್ತಳ ಸೋದರ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬಂದಾಗ ಎದುರು ಹೋದವಳು ಮಾರ್ತ, ಮರಿಯ ಮನೆಯಲ್ಲೇ ಕೂತಿದ್ದಳು. ನೀವಿಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಮಾರ್ತ ಇಲ್ಲೂ ನೇರ ಕೇಳುತ್ತಾಳೆ. ಅದೇ ಮಾತುಕತೆಯಲ್ಲಿ ನೀವೇ ಕ್ರಿಸ್ತ, ದೇವರ ಪುತ್ರ ಎಂದು ಒಪ್ಪಿ ಹೇಳುತ್ತಾಳೆ. ಮತ್ತಾಯನಲ್ಲಿ ಈ ಮಾತು ಆಡಿದವನು ಪೇತ್ರ, ಆಮೇಲೆ ಸ್ವರ್ಗದ ಬೀಗದಕೈ ಪಡೆದವನು. "ಮಾರ್ತಳಿಗೆ ನಾವು ಕೊಟ್ಟದ್ದು ಸೌಟು ಮಾತ್ರ" ಎಂದರು ಸ್ವಾಮಿಗಳು. ಹೆಂಗಸರ ಕಡೆ ಯಾರೋ ಮೆಲ್ಲಗೆ ನಕ್ಕರು. ಅಡುಗೆಮನೆಯ ಮಾತಿಗೆ ಅವರು ಕೊಟ್ಟ ವಿವರಣೆ "ಒಬ್ಬ ತಾಯಿ ನನಗೆ ಹೇಳಿದರು" ಎಂದಷ್ಟೇ. ಅಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಏನೆನಿಸಿತಮ್ಮಾ ಎಂದು ದಾರಿಯಲ್ಲಿ ಕೇಳಿದೆ. "ನಾನು ಹೇಳಿದ್ದು ಹದಿಮೂರು. ಅವರು ಹದಿನೈದು ಅಂದ್ಬಿಟ್ರು" ಎಂದಳು.

ಆ ವರ್ಷದ ಊರಹಬ್ಬಕ್ಕೆ ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರ ಪಾಲಿಗೆ ಬಂತು. ಎರಡು ವರ್ಷ ನಡೆಯಿತು. ಸ್ವಾಮಿಗಳಿಗೆ ವರ್ಗವಾಯಿತು, ಪಾತ್ರೆಗಳು ಮತ್ತೆ ನಮ್ಮ ಕಡೆ ಬಂದವು.

ಪೂಜೆಯಲ್ಲಿ ಪ್ರಬೋಧನೆ ಮಾಡುವ ಅಧಿಕಾರ ಗುರುಗಳಿಗೂ ಧರ್ಮಸೇವಕರಿಗೂ ಮಾತ್ರ ಎಂದು ಚರ್ಚಿನ ಕಾನೂನು ಹೇಳುತ್ತದೆ. ಹೆಂಗಸರು ವಾಚನ ಓದಬಹುದು, ನಾನೂ ಎಷ್ಟೋ ವರ್ಷದಿಂದ ಓದುತ್ತಿದ್ದೇನೆ. ಪವಿತ್ರ ಗುರುವಾರ ಕಾಲು ತೊಳೆಯುವ ವಿಧಿಗೆ ಹೆಂಗಸರನ್ನೂ ಕೂರಿಸಬಹುದೆಂದು 2016ರಲ್ಲಿ ಆಜ್ಞೆಯಾಯಿತು. ವಾಚಕರ ಸೇವೆಗೆ ಹೆಂಗಸರನ್ನೂ ವಿಧಿವತ್ತಾಗಿ ನೇಮಿಸಬಹುದೆಂದು 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕಾನೂನು ತಿದ್ದಿದರು. ಒಂದೊಂದೇ ಮೆಟ್ಟಿಲು. ಆದರೆ ಅಮ್ಮನಂಥವರು ಒಲೆಯ ಮುಂದೆ ಯೋಚಿಸಿದ್ದು ಮೈಕಿನವರೆಗೆ ಹೋಗಬೇಕಾದರೆ ಇವತ್ತಿಗೂ ಸ್ವಾಮಿಗಳ ಬಾಯಿಂದಲೇ ಹೋಗಬೇಕು, ಅದೂ ಹೆಸರಿಲ್ಲದೆ. ಒಳ್ಳೆಯ ಪ್ರಬೋಧನೆ ಎಂದು ನಾವು ತೂಗಿ ಇಟ್ಟುಕೊಂಡವುಗಳಲ್ಲಿ ಎಷ್ಟು ಇಂಥ ಒಬ್ಬ ತಾಯಿಯದೋ ಎಂದು ನಾನು ಆಗಾಗ ಎಣಿಸುತ್ತೇನೆ. ಅದೇ 2021ರ ಜನವರಿಯಲ್ಲಿ ಇನ್ನೊಂದು ಆಜ್ಞೆಯೂ ಬಂತು. ಜುಲೈ 29 ಸಂತ ಮಾರ್ತಳೊಬ್ಬಳ ಸ್ಮರಣೆಯ ದಿನವಾಗಿತ್ತು. ಅದಕ್ಕೆ ಮರಿಯ, ಲಾಜರರನ್ನೂ ಸೇರಿಸಿದರು. ಇದ್ದ ಒಂದು ದಿನದಲ್ಲೂ ಪಾಲಾಯಿತಲ್ಲ ಎಂದು ನಾನು ಗೊಣಗಿದರೆ ಅಮ್ಮ, "ಬರಲಿ ಬಿಡು, ಮನೆಯವರೇ ತಾನೆ" ಎಂದಳು.

ಅಮ್ಮ ತೀರಿಕೊಂಡದ್ದು 2022ರ ನವೆಂಬರಿನಲ್ಲಿ. ಆ ಜುಲೈನಲ್ಲೂ ಮಾರ್ತಳ ಭಾನುವಾರ ಬಂದಿತ್ತು, ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಮಣ್ಣಿನ ದಿನ ನಿವೃತ್ತರಾಗಿದ್ದ ಆ ಹಳೆಯ ಸ್ವಾಮಿಗಳು ಕೋಲೂರಿಕೊಂಡು ಬಸ್ಸಿನಲ್ಲಿ ಬಂದರು. ಈಗಿನ ಸ್ವಾಮಿಗಳು ಪ್ರಬೋಧನೆಯನ್ನು ಅವರಿಗೇ ಬಿಟ್ಟುಕೊಟ್ಟರು. ಲಾಜರನ ಸಾವಿನಲ್ಲಿ ಮಾರ್ತ ಎದುರು ಬರುವ ಭಾಗವನ್ನೇ ಅವರು ಓದಿಸಿದ್ದರು. ನಾಲ್ಕೇ ನಿಮಿಷ ಮಾತಾಡಿದರು, ಅದರಲ್ಲಿ ಅರ್ಧ ಉಸಿರು ಹಿಡಿದುಕೊಳ್ಳುವುದಕ್ಕೇ ಹೋಯಿತು. ಇಪ್ಪತ್ತೇಳು ವರ್ಷದ ಹಿಂದೆ ಇದೇ ಜಾಗದಲ್ಲಿ ಒಬ್ಬ ತಾಯಿ ಹೇಳಿದ ಮಾತು ಎಂದು ನಾನು ನಿಮಗೆ ಹೇಳಿದ್ದೆ, ಆ ತಾಯಿ ಇವರು ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿ ಅಮ್ಮನ ಹೆಸರು ಹೇಳಿದರು. ಸ್ವಲ್ಪ ನಿಂತು, "ಅವತ್ತು ನಾನು ಹದಿನೈದು ಅಂದಿದ್ದೆ. ಮರುದಿನ ಇವರು ಕಾಫಿ ಕೊಡುವಾಗ ತಿದ್ದಿದರು. ಹದಿಮೂರು" ಎಂದರು.

ಜನಕ್ಕೆ ತಲೆಬುಡ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ನಾನೂ ನನ್ನ ತಂಗಿಯೂ ಬಾಯಿಗೆ ಸೆರಗು ಒತ್ತಿಕೊಂಡೆವು. ಅಳುತ್ತಿದ್ದೇವೆಂದು ತಿಳಿದು ಯಾರೋ ಹಿಂದಿನಿಂದ ಬೆನ್ನು ಸವರಿದರು.