ಕೃಷ್ಣೆಯ ಸೀಮೆಯಲ್ಲೊಂದು ಬೇಸಿಗೆ

ಬೇಸಿಗೆಯೆಂದೊಡನೆ ನಗರದ ಸಂಸಾರಗಳು ಊಟಿ, ಮಡಿಕೇರಿಗಳ ಹಾದಿ ಹಿಡಿಯುವುದು ವಾಡಿಕೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಪ್ರವಾಸದ ಪಟ್ಟಿಯಲ್ಲಿ ಬರೆದುಕೊಂಡವರು ವಿರಳ. ಆ ಸೀಮೆಯ ಸೊಗಸು ಬೆಟ್ಟದ ನೋಟಗಳಲ್ಲಿಲ್ಲ. ಕರೆದು ಉಣಿಸುವ ಮನೆಗಳಲ್ಲಿದೆ.

2019ರ ಮೇ ತಿಂಗಳ ಕೊನೆಯಲ್ಲಿ, ಬೆಂಗಳೂರಿನಲ್ಲಿ ನೌಕರಿ ಮಾಡುವ ಎಳೆಯ ದಂಪತಿಗಳಿಬ್ಬರು ಮೀರಜ ಮಾರ್ಗದ ರೈಲಿನಲ್ಲಿ ಬಂದು ರಾಯಬಾಗದಲ್ಲಿ ಇಳಿದರು. ರಾಯಬಾಗ ಗಂಡನ ಊರು. ಹೆಂಡತಿಯ ತವರು ಕಾಗವಾಡ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ಒಂದು ಹಳ್ಳಿ. ಆಕೆಗೆ ಆಗ ಏಳನೆಯ ತಿಂಗಳು. ಚೊಚ್ಚಲ ಬಸುರಿಗೆ ಹಸಿರು ಸೀರೆಯುಡಿಸಿ, ಹಸಿರು ಬಳೆ ತೊಡಿಸಿ ಕುಬುಸ ಮಾಡುವುದೂ ಬಂಧುಗಳು ಅವಳನ್ನು ಬಯಕೆಯೂಟಕ್ಕೆ ಕರೆಯುವುದೂ ಅಲ್ಲಿಯ ಪದ್ಧತಿ. ಹೀಗೆ ಒಂದೊಂದು ಊಟವೂ ಒಂದೊಂದು ಊರಿನ ಸಂಚಾರವಾಯಿತು.

ಮೊದಲು ಚಿಂಚಲಿಯ ಮಾಯಕ್ಕನಿಗೆ ಉಡಿ ತುಂಬಿದರು. ಮಾಘದ ಜಾತ್ರೆಯಲ್ಲಿ ಮಹಾರಾಷ್ಟ್ರದ ಜನರಿಂದಲೂ ಕಿಕ್ಕಿರಿಯುವ ಆ ಊರು ಬೇಸಿಗೆಯಲ್ಲಿ ಶಾಂತವಾಗಿತ್ತು. ಚಿಕ್ಕೋಡಿಯಲ್ಲಿ ನಾದಿನಿಯ ಮನೆಯ ಶೇಂಗಾ ಹೋಳಿಗೆ. ಅಲ್ಲಿಂದ ಯಡೂರಿನ ವೀರಭದ್ರನ ದರ್ಶನ.

ನಿಪ್ಪಾಣಿಯಲ್ಲಿ ಮೌಶಿಯ ಮನೆ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಪಟ್ಟಣವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಸಲಹೆ ಮಾಡಿತ್ತು. ವರದಿ ಕಡತದಲ್ಲಿ ಉಳಿಯಿತು. ಮೌಶಿಯ ಮನೆಯಲ್ಲಿ ಎರಡು ನುಡಿಗಳೂ ಒಂದೇ ತಾಟಿನಲ್ಲಿ ಉಂಡವು. ಊಟವಾದ ಮೇಲೆ ಕಾಕಾ ಹೆದ್ದಾರಿಯತ್ತ ಕೈದೋರಿ, 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಡಿ ಶರದ ಜೋಶಿಯವರ ಮುಂದಾಳುತನದಲ್ಲಿ ರೈತರು ಅಲ್ಲಿ ಕುಳಿತುದನ್ನೂ, ಪೊಲೀಸರ ಗುಂಡಿಗೆ ರೈತರು ಬಲಿಯಾದುದನ್ನೂ ಹೇಳಿದರು. ಕೇಳುತ್ತಿದ್ದವಳ ಕೈಯ ಎಲೆಯಡಿಕೆ ಹಾಗೆಯೇ ಉಳಿಯಿತು.

ಅಥಣಿಗೆ ಹೋಗುವಾಗ ಕುಡಚಿಯ ಬಳಿ ಕೃಷ್ಣೆಯ ಸೇತುವೆ. ಕೆಳಗೆ ಹೊಳೆಯಿರಲಿಲ್ಲ, ಬಂಡೆಗಳಿದ್ದವು, ಬಿರಿದ ಕೆಸರಿತ್ತು. ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳುತ್ತಿದ್ದ ದಿನಗಳವು.

“ರೀ, ನಮ್ಮ ಹೊಳಿ ಎಲ್ಲಿ ಹೋತು?” ಎಂದಳಾಕೆ.

ಮುಂದಿನ ಆಸನದ ಮುದುಕರೊಬ್ಬರು ತಿರುಗಿ ನೋಡಿದರು. “ಎಲ್ಲೂ ಹೋಗಿಲ್ಲ ಮಗಳ. ಮಳಿಗಾಲಕ್ಕ ತಾನಾಗೇ ಬರತೈತಿ. ಬಂತಂದ್ರ ಮನೀತನಕಾನೂ ಬರತೈತಿ.”

ಅಥಣಿಯಲ್ಲಿ ಸೋದರಮಾವ ಗಚ್ಚಿನ ಮಠಕ್ಕೆ ಕರೆದೊಯ್ದು, ಮುರುಘೇಂದ್ರ ಶಿವಯೋಗಿಗಳ ಸನ್ನಿಧಿಯಲ್ಲಿ ಕಾಯಿ ಒಡೆಸಿದರು. ಬಳಿಕ ಚಪ್ಪಲಿಯ ಅಂಗಡಿ. ಲೋಕವೆಲ್ಲ ಕೊಲ್ಲಾಪುರದ್ದೆಂದು ಕರೆಯುವ ಚಪ್ಪಲಿಗಳಲ್ಲಿ ಎಷ್ಟೋ ಜೊತೆಗಳು ಅಥಣಿಯ ಸುತ್ತಿನ ಮನೆಗಳಲ್ಲಿ ತಯಾರಾದವು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡ ತೊಗಲನ್ನು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಹೊಲಿಗೆಯ ಕೆಲಸದಲ್ಲಿ ಹೆಂಗಸರ ಕೈ ದೊಡ್ಡದು. ಕರ್ನಾಟಕದ 4, ಮಹಾರಾಷ್ಟ್ರದ 4 ಜಿಲ್ಲೆಗಳಿಗೆ ಜಂಟಿಯಾಗಿ ಇದರ ಭೌಗೋಳಿಕ ಮಾನ್ಯತೆ ಪ್ರಕಟವಾದುದೂ 2019ರಲ್ಲಿಯೇ. ಆಕೆ ಅಂಗೈಯಗಲದ ಒಂದು ಪುಟ್ಟ ಜೊತೆಯನ್ನು ಎತ್ತಿಕೊಂಡಳು. “ಹುಟ್ಟೂಕಿಂತ ಮೊದಲ ಕೂಸಿಗೆ ಏನೂ ತಗೋಬಾರದವ್ವಾ” ಎಂದರು ಅತ್ತೆ. ಜೊತೆ ಮರಳಿ ಹಲಗೆ ಸೇರಿತು.

ಮಗಳನ್ನು ತವರಿನಲ್ಲಿ ಬಿಟ್ಟು ಗಂಡ ಬೆಂಗಳೂರಿಗೆ ಮರಳಿದನು. ಆಗಸ್ಟಿನ ಮೊದಲ ವಾರದಲ್ಲಿ ಮುದುಕರ ಮಾತು ನಿಜವಾಯಿತು. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಗೆ ಕೃಷ್ಣೆ ಉಕ್ಕಿ ಸೇತುವೆಗಳನ್ನು ಮುಳುಗಿಸಿದಳು. ಹೊಳೆಸಾಲಿನ ಹಳ್ಳಿಗಳು ಮನೆ ತೊರೆದವು. ಹೆರಿಗೆಗೆ ಮೀರಜಕ್ಕೆ ಹೋಗುವುದೆಂದು ಗೊತ್ತುಮಾಡಿದ್ದ ತಂದೆ, ನೀರು ಅಂಗಳ ಮುಟ್ಟುವ ಮುಂಚೆ ಮಗಳನ್ನು ಅಥಣಿಯ ಸೋದರಮಾವನ ಮನೆಗೆ ಸಾಗಿಸಿದರು. ರಾಯಬಾಗದ ದಾರಿ ಕಟ್ಟಿದ್ದುದರಿಂದ ಗಂಡನು ವಿಜಯಪುರಕ್ಕೆ ಹೋಗಿ, ಅಲ್ಲಿಂದ ಅಥಣಿಗೆ ಬಂದು ಮುಟ್ಟುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿ ಒಂದು ದಿನವಾಗಿತ್ತು. ಅಂಗಡಿ ತೆರೆದ ದಿನವೇ ಅಜ್ಜ ಆ ಪುಟ್ಟ ಜೊತೆಯನ್ನು ಕೊಂಡು ತಂದರು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಇದೇ ಮಾದರಿಯ ಚಪ್ಪಲಿಗಳನ್ನು ಪ್ರದರ್ಶಿಸಿ, ಅವುಗಳ ಮೂಲ ಹೇಳದೆ ಗದ್ದಲಕ್ಕೆ ಕಾರಣವಾಯಿತು. ಆ ವೇಳೆಗೆ ಮಗಳು ಮೂರನೆಯ ಜೊತೆಯನ್ನು ಸವೆಸುತ್ತಿದ್ದಳು. ತವರಿನ ಪಡಸಾಲೆಯ ಗೋಡೆಯಲ್ಲಿ ನೆರೆ ನಿಂತ ಗೀಟು ಸುಣ್ಣದಡಿಯಿಂದ ಇಂದಿಗೂ ಇಣುಕುತ್ತದೆ. ಬೇಸಿಗೆಗೊಮ್ಮೆ ಬಂದಾಗ ಅವಳು ಅದಕ್ಕೆ ಬೆನ್ನು ತಾಗಿಸಿ ಎತ್ತರ ಅಳೆಯುತ್ತಾಳೆ. ಇನ್ನೂ ನಾಲ್ಕು ಬೆರಳು ಕಡಿಮೆಯಿದೆ.