ಹಳದಿ ದೀಪ: ಕೊಪ್ಪದಿಂದ ಅಕ್ಕನಿಗೆ

ಕೊಪ್ಪ, ರಾತ್ರಿ ಹನ್ನೊಂದೂವರೆ

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ: ಬಿದ್ದಿಲ್ಲ, ಮುರಿದಿಲ್ಲ, ಕೆಮ್ಮೂ ಇಲ್ಲ. ಸಂಜೆಯಿಂದ ಕರೆಂಟಿಲ್ಲ, ಅದರ ಹಿಂದೆಯೇ ಟವರೂ ಹೋಯಿತು. ಲಾಡ್ಜಿನ ಹುಡುಗ ಕೊಟ್ಟ ಮೇಣದಬತ್ತಿ ಬೆಳಕಲ್ಲಿ ಬರೆಯುತ್ತಿದ್ದೇನೆ. ಟವರ್ ಬಂದರೆ ಇದರ ಫೋಟೊ ತೆಗೆದು ನಿನ್ನ ನಂಬರಿಗೆ ಕಳಿಸುತ್ತೇನೆ. ಭಾವನ ನಂಬರಿಗಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಬೇಲೂರು ನೋಡಿದೆ. 1117ರ ಗುಡಿ, ನೀನು ಶಾಲೆಯ ಟೂರಿನಲ್ಲೇ ನೋಡಿದ್ದೀಯ, ಹಾಗೇ ಇದೆ. ಅಲ್ಲಿಂದ ಸ್ವಲ್ಪ ದೂರಕ್ಕೇ ಹಿಂದಿನ ಚಕ್ರ ಪಂಕ್ಚರ್. ಭಾವನ ಬೈಕಿನದು ಸ್ಪೋಕ್ ಚಕ್ರ, ಒಳಗೆ ಟ್ಯೂಬು. ಚಕ್ರ ಬಿಚ್ಚದೆ ಗತಿಯಿಲ್ಲ. ರಸ್ತೆ ಬದಿಯ ಹುಡುಗ ಬಿಚ್ಚಿ, ತೇಪೆ ಹಾಕಿ, ಕೂಡಿಸಿ ಕೊಟ್ಟ. ಚಿಕ್ಕಮಗಳೂರು ದಾಟಿ ಆಲ್ದೂರಿನ ಮಳೆಗೆ ಸಿಕ್ಕಿಕೊಂಡಾಗ ಮೀಟರಿನಲ್ಲಿ ಎಬಿಎಸ್ ಅನ್ನುವ ಹಳದಿ ದೀಪ ಹತ್ತಿಕೊಂಡಿತು.

ಗಾಬರಿಯಾಗಬೇಡ, ಬ್ರೇಕು ಹೋಯಿತು ಅಂತಲ್ಲ. ಕೀ ತಿರುಗಿಸಿದಾಗ ಆ ದೀಪ ಹತ್ತಲೇಬೇಕು, ಬೈಕು ಸ್ವಲ್ಪ ವೇಗ ಹಿಡಿದ ಮೇಲೆ ಆರಬೇಕು. ಹತ್ತಿಯೇ ಇದ್ದರೆ, ಮಾಮೂಲಿ ಬ್ರೇಕು ಹಿಡಿಯುತ್ತೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ಕಾಯುವ ಯಂತ್ರ ಮಾತ್ರ ರಜಾ ಹಾಕಿದೆ ಅಂತ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕಿಗೆಲ್ಲ ಅದು ಕಡ್ಡಾಯ. ಭಾವ ಅದಕ್ಕೂ ಮೊದಲೇ ದುಡ್ಡು ಜಾಸ್ತಿ ಕೊಟ್ಟು ಹಾಕಿಸಿಕೊಂಡದ್ದು ನಿನ್ನ ಹಠಕ್ಕೇ ಅಲ್ವಾ? ಆ ಹಠ ನೆನೆದುಕೊಂಡೇ ಮೂವತ್ತರ ವೇಗದಲ್ಲಿ ಬಂದೆ. ಹಾಲಿನ ವ್ಯಾನುಗಳೂ ನನ್ನನ್ನು ಹಿಂದೆ ಹಾಕಿದವು.

ಬಾಳೆಹೊನ್ನೂರಿನಲ್ಲಿ ಚಹಾದಂಗಡಿಯವರು ಪರಿಹಾರ ಹೇಳಿದರು: "ಕಪ್ಪು ಟೇಪ್ ಅಂಟಿಸಿಬಿಡಿ, ಕಾಣ್ಸಲ್ಲ." ನಾನು ಇಂಜಿನಿಯರಲ್ವಾ, ಒಪ್ಪಲಿಲ್ಲ. ಸೀಟಿನಡಿ ಎಬಿಎಸ್ ಫ್ಯೂಸು ನೋಡಿದೆ, ನೆಟ್ಟಗಿತ್ತು. ಬ್ಯಾಟರಿ ಸೋತರೂ ಈ ದೀಪ ಹತ್ತುತ್ತೆ. ಆದರೆ ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತಿತ್ತು. ಹಿಂದಿನ ಡಿಸ್ಕಿನ ಪಕ್ಕ ಸಾಲುತೂತಿನ ಒಂದು ಬಳೆ ಇದೆ. ಅದು ತಿರುಗುವುದನ್ನು ಎದುರಿಗಿರುವ ಸೆನ್ಸರ್ ಎಣಿಸಿ ಚಕ್ರದ ವೇಗ ಹೇಳುತ್ತೆ. ಬಳೆಗೆ ಕೆಸರು ಮೆತ್ತಿತ್ತು, ಕರ್ಚೀಫಿನಲ್ಲಿ ಒರೆಸಿದೆ. (ನೀನು ಕೊಟ್ಟದ್ದೇ. ಮರೆತುಬಿಡು.) ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಹಿಂದಿನ ಚಕ್ರ ಓಡಿಸಿ, ದೀಪ ಆರುತ್ತಾ ಅಂತ ಕಾದೆ. ಆರಲಿಲ್ಲ. ಮತ್ತೆ ಒರೆಸಿದೆ, ಮತ್ತೆ ಓಡಿಸಿದೆ. ಹೀಗೇ ಒಂದು ಗಂಟೆ.

ಕೊಪ್ಪ ತಲುಪಿದಾಗ ಗ್ಯಾರೇಜೆಲ್ಲ ಬಾಗಿಲು ಹಾಕಿದ್ದವು. ಬೇಕರಿಯವರು ಒಬ್ಬರ ಮನೆ ತೋರಿಸಿದರು. ಅರವತ್ತು ದಾಟಿದವರು, ಕೊಟ್ಟಿಗೆಯ ಪಕ್ಕ ಅಡಿಕೆಗೆ ಔಷಧಿ ಹೊಡೆಯುವ ಮೋಟರು ಬಿಚ್ಚಿಕೊಂಡು ಕೂತಿದ್ದರು. ನನ್ನ ಪ್ರಯೋಗ ಕೇಳಿ ನಕ್ಕರು ನೋಡು. "ಎಂಥ ಮಾರಾಯ್ರೆ! ಹಿಂದಿನ ಚಕ್ರ ಓಡ್ತಾ ಉಂಟು, ಮುಂದಿನದು ನಿಂತಿದೆ. ಅದನ್ನು ನೋಡಿದರೆ ಸರಿ ಇರೋ ಎಬಿಎಸ್ಸೂ ದೀಪ ಹಾಕ್ತದೆ!" ಎರಡೂ ಚಕ್ರದ ಲೆಕ್ಕ ತಾಳೆಯಾಗಬೇಕಂತೆ. ನನ್ನ ಐದು ವರ್ಷದ ಇಂಜಿನಿಯರಿಂಗು (ಹೌದು, ಐದು) ಅಲ್ಲೇ ಮುಗಿಯಿತು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಚಕ್ರ ಯಾವಾಗ ಬಿಚ್ಚಿದ್ದು?" ಬೆಳಿಗ್ಗೆ ಅಂದೆ. ಟಾರ್ಚ್ ಹಿಡಿದು ಸೆನ್ಸರಿನ ವೈರಿನ ಮೇಲೆ ಬೆರಳಾಡಿಸುತ್ತಾ ಹೋದರು, ನಮ್ಮಮ್ಮ ಹುರುಳಿಕಾಯಿಯ ನಾರು ಹುಡುಕುವ ಹಾಗೆ. ಚಕ್ರ ಕೂಡಿಸಿದವನು ವೈರನ್ನು ಕ್ಲಿಪ್ಪಿಗೆ ಸಿಕ್ಕಿಸಿರಲಿಲ್ಲ. ಅದು ಜೋತುಬಿದ್ದು, ಪ್ರತಿ ಗುಂಡಿಗೂ ಕಬ್ಬಿಣಕ್ಕೆ ಉಜ್ಜಿ, ಸಿಪ್ಪೆ ಸುಲಿದು, ಒಳಗಿನ ಎಳೆ ತುಂಡಾಗಿತ್ತು. ಬೆಸುಗೆ ಹಾಕಿ, ಕಪ್ಪು ಸ್ಲೀವ್ ತೊಡಿಸಿ, ಬೆಂಕಿಕಡ್ಡಿಯ ಕಾವಿಗೆ ಬಿಗಿ ಮಾಡಿದರು. ಕರೆಂಟಿಲ್ಲ ನೋಡು, ಬೆಸುಗೆಯ ಕಡ್ಡಿ ಕಾದದ್ದು ಅವರ ಮನೆಯ ಬಚ್ಚಲೊಲೆಯಲ್ಲಿ.

ಅದು ಕಾಯುವಷ್ಟರಲ್ಲಿ ಆ ಮನೆಯ ಅಮ್ಮ ನನ್ನನ್ನು ಒಳಗೆ ಕರೆದು ಪತ್ರೊಡೆ ಹಾಕಿದರು. ಮರದ ಮೇಲೆ ಬೆಳೆಯುವ ಮರಗೆಸುವಿನ ಎಲೆಯದಂತೆ, ಮಳೆಗಾಲದಲ್ಲಿ ಮಾತ್ರ ಸಿಗುವುದು. ಆವಿಯಲ್ಲಿ ಬೆಂದ ಸುರುಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಕಾವಲಿ ಮೇಲೆ ತೆಂಗಿನೆಣ್ಣೆ ಬಿಟ್ಟು ಕೆಂಪಗೆ ಕಾಯಿಸಿದ್ದು. ಹುಳಿ, ಬೆಲ್ಲ, ಖಾರ, ಮೂರೂ ಗೊತ್ತಾಗುತ್ತೆ, ಒಂದೂ ಮುಂದೆ ಬರಲ್ಲ. ಗಂಟಲು ತುರಿಸಲೇ ಇಲ್ಲ ಅಕ್ಕ! ನೀನು ಮಾಡಿದ ವರ್ಷ ಮನೆಮಂದಿಯೆಲ್ಲ ಮಜ್ಜಿಗೆ ಕುಡಿದುಕೊಂಡು ಓಡಾಡಿದ್ದು ಹೇಳಿದೆ. "ಹುಣಸೆಹುಳಿ ಕಮ್ಮಿ ಹಾಕಿರ್ತಾರೆ" ಅಂದರು. ನಾನು ಹೇಳಿದ್ದಲ್ಲ, ಅವರು. ಆರು ಬಿಲ್ಲೆ ತಿಂದೆ. ಏಳು.

ಬೈಕು ಹೊರಗೆ ತಂದು ಓಡಿಸಿದೆ. ಮನೆಯ ದಣಪೆ ದಾಟುವಷ್ಟರಲ್ಲಿ ದೀಪ ಆರಿತು. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅಳಿಸಬೇಕಾಗುತ್ತಂತೆ, ಇದರಲ್ಲಿ ತಾನೇ ಹೋಯಿತು. ಇನ್ನೂರು ರೂಪಾಯಿ ತೆಗೆದುಕೊಂಡರು. ಊಟಕ್ಕೂ ಕೊಡಲು ಹೋದೆ, ಆ ಅಮ್ಮ ನೋಡಿದ ನೋಟಕ್ಕೆ ಪರ್ಸು ತಾನಾಗಿ ಮುಚ್ಚಿಕೊಂಡಿತು.

ಬೆಳಗಿನ ಜಾವ ನಾಲ್ಕೂವರೆ

ಮಳೆಯ ಸದ್ದಿಗೆ ಎಚ್ಚರವಾಯಿತು. ಕರೆಂಟು ಬಂದಿದೆ, ಟವರಿಲ್ಲ. ಅಮ್ಮನ ಬಿಪಿ ಮಾತ್ರೆ ಶನಿವಾರಕ್ಕೆ ಮುಗಿಯುತ್ತೆ. ಚೀಟಿ ಫ್ರಿಜ್ಜಿನ ಮೇಲಿದೆ, ಮರೆಯಬೇಡ. ತಲೆಸುತ್ತು ಇಲ್ಲ ಅಂದರೆ ನಂಬಬೇಡ, ಅಮ್ಮ ತಾನೇ ಟೇಪ್ ಅಂಟಿಸಿಕೊಳ್ಳುವ ಪೈಕಿ. ಇವತ್ತು ಕುಪ್ಪಳಿ, ಕವಿಶೈಲ. ತೀರ್ಥಹಳ್ಳಿಯಲ್ಲಿ ನಿನ್ನ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಕೆಜಿ ಅಂದೆಯಾ, ಒಂದಾ?

ಅಂದಹಾಗೆ, ಭಾವ ಬೈಕು ತೊಳೆಯುವಾಗ ಹಿಂದಿನ ಚಕ್ರದ ಹತ್ತಿರ ಒಂದು ಕಪ್ಪು ಸ್ಲೀವ್ ಕಾಣಿಸುತ್ತೆ. ಕೇಳಿದರೆ, ಅದು ಮೊದಲಿಂದಲೂ ಇತ್ತು ಅಂತ ನೀನು ಹೇಳಿಬಿಡು.