ಅಂಚೆಚೀಟಿಯ ಹಿಂಬದಿ

ನಿವೃತ್ತನಾದ ಗಂಡಸು ಮನೆಯಲ್ಲಿ ಎಲ್ಲಿ ಕುಳಿತರೂ ಅದು ಯಾರದೋ ದಾರಿಗೆ ಅಡ್ಡವೇ. ಈ ಸತ್ಯವನ್ನು ಬೇಗನೆ ಮನಗಂಡ ನಾನು, ನಡುಮನೆಯ ಕಿಟಕಿಯ ಪಕ್ಕದಲ್ಲಿ ಒಂದು ಸಣ್ಣ ಮೇಜನ್ನು ಹಾಕಿಕೊಂಡು, ನನ್ನ ಹಳೆಯ ಅಂಚೆಚೀಟಿಗಳ ಆಲ್ಬಮ್ಮುಗಳೊಡನೆ ಸಂಸಾರ ಹೂಡಿದೆ. ನಮ್ಮಾಕೆಗೆ ಮಣಿಯ ತೋರಣ ಹೆಣೆಯುವ ಹವ್ಯಾಸ. ಮೈಸೂರಿನ ನಮ್ಮ ಬೀದಿಯಲ್ಲಿ ಆಕೆಯ ತೋರಣವಿಲ್ಲದ ಬಾಗಿಲು ಅಪರೂಪ. ನನ್ನ ಆಲ್ಬಮ್ಮನ್ನು ತೆರೆದು ನೋಡಿದವರು ಇನ್ನೂ ಅಪರೂಪ.

ಕಳೆದ ಬೇಸಗೆಯ ರಜಕ್ಕೆ ಪುಣೆಯಿಂದ ಮೊಮ್ಮಗಳು ಬಂದಳು. ಹತ್ತು ವರ್ಷದ ಹುಡುಗಿ. ಕನ್ನಡವನ್ನು ಅರಳು ಹುರಿದಂತೆ ಆಡುತ್ತಾಳೆ, ಓದುವುದು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿ. ಎರಡು ದಿನ ಚೌಕಾಬಾರದಲ್ಲಿ ಅಜ್ಜಿ ಅವಳ ಕಾಯಿಗಳನ್ನು ಹೊಡೆದು ಹೊಡೆದು ಅಳಿಸಿದ ಮೇಲೆ (ಆಟದಲ್ಲಿ ನಮ್ಮಾಕೆಗೆ ಮಕ್ಕಳೆಂಬ ದಾಕ್ಷಿಣ್ಯವಿಲ್ಲ) ಅವಳು ನನ್ನ ಮೇಜಿಗೆ ಶರಣು ಬಂದಳು.

ಶಿಷ್ಯೆ ದೊರೆತ ಹುಮ್ಮಸ್ಸಿನಲ್ಲಿ ನಾನು ಎಲ್ಲವನ್ನೂ ಕಲಿಸಿದೆ. ಲಕೋಟೆಯ ತುಂಡನ್ನು ತಣ್ಣೀರಿನಲ್ಲಿ ನೆನೆಸಬೇಕು. ಅಂಟು ತಾನಾಗಿ ಬಿಡುವವರೆಗೆ ಕೈ ಹಾಕಬಾರದು. ಒತ್ತುಕಾಗದದ ಮೇಲೆ ಬೋರಲು ಮಲಗಿಸಿ ಒಣಗಿಸಬೇಕು. 1957ರ ಏಪ್ರಿಲ್ ಒಂದರಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯೇ ಪೈಸೆ ಬಂದುದನ್ನು ಚೀಟಿಗಳಲ್ಲೇ ತೋರಿಸಿದೆ. 1960ರಲ್ಲಿ, ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಅವರ ಚಿತ್ರದೊಡನೆ ಹೊರಬಂದ 15 ನಯೇ ಪೈಸೆಯ ಚೀಟಿಯನ್ನು ಚಿಮಟದಲ್ಲಿ ಹಿಡಿದು ದೇವರ ಪ್ರಸಾದದಂತೆ ನೀಡಿದೆ. ಹುಡುಗಿ ಆಕಳಿಸಿದಳು.

ಮುಂದಿನ ಪುಟಗಳಲ್ಲಿ ಇನ್‌ಲ್ಯಾಂಡ್ ಕಾಗದಗಳಿಂದ ಚೌಕವಾಗಿ ಕತ್ತರಿಸಿದ ಮುದ್ರೆಗಳಿದ್ದುವು. ಆ ಕಾಗದದಲ್ಲಿ ಚೀಟಿಯನ್ನು ಅಂಟಿಸಿರುವುದಿಲ್ಲ, ಅಚ್ಚು ಹಾಕಿರುತ್ತಾರೆ. ಬೇಕೆಂದರೆ ಕತ್ತರಿಯೇ ಗತಿ. ಅವಳು ಒಂದನ್ನು ಸುಮ್ಮನೆ ಮಗುಚಿದಳು.

“ತಾತ, ಹಿಂದುಗಡೆ ಏನೋ ಬರೆದಿದೆ.”

ಕೂಡಿಸಿ ಓದಿದಳು: “ಎಡಗಣ್ಣು... ಕಾಣದು... ಗಾಬರಿ...”

“ಯಾರ ಎಡಗಣ್ಣು ತಾತ? ಉಳಿದ ಕಾಗದ ಎಲ್ಲಿ?”

ಅಕ್ಷರ ನನ್ನ ತಾಯಿಯದು. ಉಳಿದ ಕಾಗದವನ್ನು ನಾನು ಕಸದ ಬುಟ್ಟಿಗೆ ಹಾಕಿ ಐವತ್ತು ವರ್ಷಗಳಾಗಿದ್ದುವು. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮಾಕೆ ಸೂಜಿಯನ್ನು ಕೆಳಗಿಟ್ಟು ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಿತ್ತು. ನಾನು ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಅಮ್ಮ ಬರೆದ ಕಾಗದಗಳು. ಪ್ರತಿಯೊಂದರ ಮೂಲೆಯಲ್ಲಿಯೂ ಒಂದು ಚೌಕ ಕಿಟಕಿ.

“ಬುಟ್ಟಿಯಿಂದ ತೆಗೆದಿಟ್ಟಿದ್ದೆ. ಅತ್ತೆಯ ಕಾಗದ, ಬಿಸಾಡಲು ಮನಸ್ಸಾಗಲಿಲ್ಲ,” ಎಂದಳು. ಇಷ್ಟು ವರ್ಷ ಇದನ್ನು ಹೇಳಲಿಲ್ಲವೇಕೆಂದು ನಾನು ಕೇಳಲಿಲ್ಲ. ನಾನೂ ಎಂದೂ ವಿಚಾರಿಸಿರಲಿಲ್ಲವಷ್ಟೆ.

ಮೊಮ್ಮಗಳಿಗೆ ಈಗ ನಿಜವಾದ ಆಟ ಸಿಕ್ಕಿತು. ಒಂದೊಂದೇ ಕಿಟಕಿಗೆ ಚೂರನ್ನು ಹೊಂದಿಸಿ ನೋಡಿದಳು. ಏಳನೆಯ ಕಾಗದದಲ್ಲಿ ಅದು ಕೂತಿತು. 1973ರದು. “ಹಬ್ಬದಿಂದೀಚೆಗೆ ನನಗೆ ಎಡಗಣ್ಣು ಕಾಣದು. ನೀನು ಗಾಬರಿ ಆಗಬೇಡ. ರಜ ಸಿಕ್ಕಿದರೆ ಮಾತ್ರ ಬಾ.”

“ಹೋದಿರಾ ತಾತ?”

ಕತ್ತರಿಸುವ ಮೊದಲು ಆ ಕಾಗದವನ್ನು ಓದಿರಲೇಬೇಕು. ಓದಿದ ನೆನಪಿಲ್ಲ. ಅದರ ಮೇಲಿನ ಠಸ್ಸೆ ಅಳಿಸದೆ ದುಂಡಗೆ ಮೂಡಿತ್ತೆಂದು ಸಂತೋಷಪಟ್ಟದ್ದು ಚೆನ್ನಾಗಿ ನೆನಪಿದೆ. ನಾನು ಊರಿಗೆ ಹೋದದ್ದು ಎಂಟು ತಿಂಗಳ ಅನಂತರ. ಆ ವೇಳೆಗೆ ಇನ್ನೊಂದು ಕಣ್ಣೂ ಮಂಜಾಗಿತ್ತು. ಅಮ್ಮ ನನ್ನ ಕೆನ್ನೆಯನ್ನು ತಡವಿ ನೋಡಿ, “ಸೊರಗಿದ್ದೀಯೆ” ಎಂದಿದ್ದಳು.

“ತಡವಾಗಿ ಹೋದೆ,” ಎಂದೆ.

ಹುಡುಗಿ ಮುಂದಕ್ಕೆ ಕೇಳಲಿಲ್ಲ. ನಮ್ಮಾಕೆ ಗಂಜಿ ಕಾಯಿಸಿ ತಂದಳು. ರಜ ಮುಗಿಯುವವರೆಗೆ ಮಧ್ಯಾಹ್ನದ ಹೊತ್ತು ನಾವು ಮೂವರೂ ಚೂರುಗಳನ್ನು ಅವುಗಳ ಕಾಗದಕ್ಕೆ ಮರಳಿ ಅಂಟಿಸಿದೆವು. ಮೊಮ್ಮಗಳು ಓದಿದಳು, ನಾವು ಕೇಳಿದೆವು. ಆಲ್ಬಮ್ಮಿನ ನಾಲ್ಕು ಪುಟಗಳು ಬರಿದಾದುವು.

ಒಂದು ಚೂರಿಗೆ ಮಾತ್ರ ಕಾಗದ ದೊರೆಯಲಿಲ್ಲ. ಅದರ ಹಿಂದೆ ‘ಮೊಗ್ಗು ಬಿಟ್ಟಿದೆ’ ಎಂದಿದೆ. ಅದನ್ನು ಅವಳು ಕೇಳಿ ಪಡೆದು ಪುಣೆಗೆ ಒಯ್ದಿದ್ದಾಳೆ.